ಬಳಸುವವರು ಯಾರೂ ಇಲ್ಲ

ಕಲಂಬ್ವೆ ದಂಡೆ, ನ್ಖಾಟಾ ಬೇ
14 ಜನವರಿ 2022

ಲುಸುಂಗು,

ಫೋನ್ ಮಾಡಿದರೆ ನೀನು ಅಗೊಗೊ, ಅಜ್ಜ ಎಂದು ನಯವಾಗಿ ಮಾತಾಡಿ ನನ್ನ ಬಾಯಿ ಕಟ್ಟಿಬಿಡುತ್ತೀ. ಇಟ್ಟ ಮೇಲೆ, ಕೇಳಬೇಕಾದ್ದು ಒಂದನ್ನೂ ಕೇಳಲಿಲ್ಲವಲ್ಲ ಎಂದು ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಕಣ್ಣು ಕಿರಿದು ಮಾಡಿಕೊಂಡು ಓದು. ಲಿಲೊಂಗ್ವೆಯ ಬಸ್ಸಿನವನ ಕೈಯಲ್ಲಿ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವನ ಕೈಗೇ ಕೊಡು.

ನೀನು ನಮ್ಮ ಬಲೆ ಕೋಣೆಯಲ್ಲಿ ಕೂರಿಸಿ ಹೋದ ಕಂಪ್ಯೂಟರ್ ಇನ್ನೂ ಗಟ್ಟಿಮುಟ್ಟಾಗಿದೆ. ನಿಮ್ಮ ಮ್ಫೆಪೊ ಪ್ರೋಗ್ರಾಮು ದಿನಾ ಬೆಳಗಾಗುವ ಮುಂಚೆ ಗಾಳಿಯ ಸುದ್ದಿ ತರಿಸಿಕೊಳ್ಳುತ್ತದೆ, ಕಂಬದ ಮೇಲಿನ ದೀಪವನ್ನು ಹಸಿರೋ ಕೆಂಪೋ ಮಾಡುತ್ತದೆ. ಹಸಿರಿದ್ದರೆ ದೋಣಿಗಳು ಹೊರಡುತ್ತವೆ. ಕೆಂಪಿದ್ದಾಗ ಸರೋವರಕ್ಕಿಳಿದವನ ಬಲೆಯನ್ನು ವಾರದ ಮಟ್ಟಿಗೆ ಕಿತ್ತಿಟ್ಟುಕೊಳ್ಳುವವನು ನಾನೇ. ಆ ದೀಪ ಬಂದಮೇಲೆ ಮ್ವೆರಾ ಗಾಳಿ ಈ ದಂಡೆಯಿಂದ ಒಬ್ಬನನ್ನೂ ಒಯ್ದಿಲ್ಲ. ನಿನಗೆ ಹೇಳಬೇಕಾಗಿಲ್ಲ. ನಿನ್ನಪ್ಪನ ದೋಣಿ ಮಗುಚಿದಾಗ ದೀಪ ಇರಲಿಲ್ಲ. ಅದಕ್ಕೇ ತಾನೆ ನೀನು ಅದನ್ನು ಮಾಡಿದ್ದು?

ಈಗ ಕೇಳು. ಹೊಸ ವರ್ಷದಿಂದ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತಿದೆ. ನನ್ನ ತಂಗಿಯ ಮಗ ವನಾಂಗ್ವ ಓದಿ ಹೇಳಿದ. ಮಾರ್ಚ್ ಮುಗಿದ ಮೇಲೆ ಈ ಆವೃತ್ತಿಯನ್ನು ನೋಡಿಕೊಳ್ಳುವುದಿಲ್ಲವಂತೆ. ಇದನ್ನು ಬರೆದ ಭಾಷೆ ಹಳತಾಯಿತಂತೆ.

"ಯಾರಂತೆ ನೋಡ್ಕೊಳ್ದೆ ಇರೋರು?" ಅಂದೆ.

"ಲುಸುಂಗು ಕಡೆಯವ್ರೇ, ಮಾವ."

ಮಟೆಯೊ ಬಲೆ ಹೊಲಿಯುತ್ತ ಕೂತಿದ್ದ. "ನನ್ ಹೆಂಡ್ತಿನೂ ದಿನಾ ಬೆಳಿಗ್ಗೆ ಇದನ್ನೇ ಹೇಳ್ತಾಳೆ. ನಾನೇನ್ ಕೆಟ್ಟು ನಿಂತಿದೀನಾ?" ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಭಾಷೆ ಹಳತಾಗುವುದು ಅಂದರೆ ಏನು? ನಾನು ಆಡುವ ಮಾತನ್ನು ನನ್ನ ಅಜ್ಜನ ಅಜ್ಜ ಆಡಿದ್ದಾನೆ. ಇಲ್ಲಿಯ ತನಕ ಯಾರೂ ಬಂದು, ಮಾರ್ಚ್‌ಗೆ ನಿಲ್ಲಿಸುತ್ತೇವೆ ಅಂದಿಲ್ಲ. ಮೇ ಬಂದರೆ ಮ್ವೆರಾ ಬರುತ್ತದೆ. ಅದಕ್ಕೆ ಮುಂಚೆ ನೆಟ್ಟಗೆ ಉತ್ತರ ಬರೆ.

ಯಸಾಯ ಮ್ಫಾಂಡೆ
ದಂಡೆಯ ಅಧ್ಯಕ್ಷ


ಲಿಲೊಂಗ್ವೆ
2 ಫೆಬ್ರವರಿ 2022

ಪ್ರೀತಿಯ ಅಗೊಗೊ,

ನಿಮ್ಮ ಕೈಬರಹ ನೋಡಿ ಸಂತೋಷವಾಯಿತು, ಬೈಗುಳವಿದ್ದರೂ.

ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಯನ್ನು ಎಲ್ಲೋ ಕೆಲವರು ಕಟ್ಟುತ್ತಾರೆ. ಆಗಾಗ ಅದನ್ನು ತಿದ್ದಿ ಹೊಸ ಆವೃತ್ತಿ ಹೊರಡಿಸುತ್ತಾರೆ. ಕೆಲವು ವರ್ಷ ಕಳೆದ ಮೇಲೆ, ಹಳೆಯದರಲ್ಲಿ ತೂತು ಕಂಡರೂ ಅವರು ಮುಚ್ಚುವುದಿಲ್ಲ. ನಮ್ಮ ಮ್ಫೆಪೊ ಹಳೆಯದರ ಮೇಲೂ ಹೊಸದರ ಮೇಲೂ ನಡೆಯಬೇಕೆಂದರೆ ಒಂದೊಂದು ಬದಲಾವಣೆಯನ್ನೂ ಎರಡು ಬಗೆಯಲ್ಲಿ ಬರೆದು, ಎರಡು ಕಡೆ ಪರೀಕ್ಷಿಸಬೇಕು. ಪ್ರೋಗ್ರಾಮು ಎಲ್ಲರಿಗೂ ಪುಕ್ಕಟೆ. ನೋಡಿಕೊಳ್ಳುವವರು ಆರೇ ಜನ, ಯಾರಿಗೂ ಸಂಬಳವಿಲ್ಲ. ಕಂಪಾಲದ ನಸ್ಸಾಲಿ ಹಾಲು ಕುಡಿಯುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೆಲಸ ಮಾಡುತ್ತಾಳೆ. ಹೀಗೇ ಹೋದರೆ ಹಳೆಯದೂ ಹೊಸದೂ ಎರಡೂ ಕೆಡುತ್ತವೆ. ಆದ್ದರಿಂದ ಸಭೆ ಸೇರಿ, ಹಳೆಯದನ್ನು ಬಿಡೋಣ ಎಂದಾಯಿತು.

ಕಣ್ಣು ಮುಚ್ಚಿಕೊಂಡು ತೀರ್ಮಾನಿಸಿದ್ದಲ್ಲ. ಯಾವ ದಂಡೆಯ ಕಂಪ್ಯೂಟರ್ ಯಾವ ಆವೃತ್ತಿಯಲ್ಲಿದೆ ಎಂದು ಅವೇ ನಮಗೆ ವರದಿ ಕಳಿಸುತ್ತಿರುತ್ತವೆ. ಹಳೆಯದನ್ನು ಬಳಸುವವರು ಎಷ್ಟು ಉಳಿದಿದ್ದಾರೆ ಎಂದು ನೋಡಿದೆವು. ಒಬ್ಬರೂ ಇರಲಿಲ್ಲ. ಆಮೇಲೆ ಎಲ್ಲರೂ ನೋಡುವ ನಮ್ಮ ಪುಟದಲ್ಲಿ ತಿಂಗಳುಗಟ್ಟಲೆ ಪ್ರಕಟಿಸಿದ್ದೆವು. ಆಕ್ಷೇಪ ಬರಲಿಲ್ಲ. ನಮ್ಮಲ್ಲಿ ಆಕ್ಷೇಪ ಬಾರದಿದ್ದರೆ ಒಪ್ಪಿಗೆ ಎಂದೇ ಲೆಕ್ಕ.

ನಿಮ್ಮ ಕಂಪ್ಯೂಟರ್ ಹೊಸ ಆವೃತ್ತಿಯನ್ನು ಹೊರಲಾರದು, ಅದಕ್ಕೆ ಅಷ್ಟು ತ್ರಾಣವಿಲ್ಲ. ಏನಾದರೂ ದಾರಿ ಹುಡುಕುತ್ತೇನೆ. ಹೋದ ವರ್ಷ ಈ ಗುಂಪಿಗೆ ನನ್ನನ್ನೇ ಮುಖ್ಯಸ್ಥೆ ಮಾಡಿದರು. ಹೇಳಲು ಮರೆತಿದ್ದೆ.

ವನಾಂಗ್ವನಿಗೂ ಅವನ ಅಮ್ಮನಿಗೂ ನನ್ನ ನೆನಪು ಹೇಳಿ.

ನಿಮ್ಮ ಮನೆಯವಳೇ ಆದ
ಲುಸುಂಗು


ಕಲಂಬ್ವೆ
10 ಫೆಬ್ರವರಿ

ಲುಸುಂಗು,

ಒಬ್ಬರೂ ಇರಲಿಲ್ಲ ಎಂದು ಬರೆದಿದ್ದೀ. ನನ್ನ ಕಣ್ಣು ತಪ್ಪು ಓದಿತೋ ಎಂದು ವನಾಂಗ್ವನ ಕೈಯಲ್ಲಿ ಓದಿಸಿದೆ. ಅವನೂ ಅದನ್ನೇ ಓದಿದ.

ನಮ್ಮ ಕಂಪ್ಯೂಟರಿನಿಂದ ವರದಿ ಹೋಗುವುದನ್ನು ನಿಲ್ಲಿಸಿದವರು ಯಾರು? ನೀನು. ನನ್ನ ಸ್ಟೂಲಿನ ಮೇಲೆ ಕೂತು, ನನ್ನ ತಂಗಿ ಹುರಿದುಕೊಟ್ಟ ಉಸಿಪಾ ಮೀನು ಬಾಯಿಗೆ ಹಾಕಿಕೊಳ್ಳುತ್ತ ಅಂದೆ: "ಇದು ಸುಮ್ನೆ ನಿಮ್ ಡೇಟಾ ತಿಂದ್ಹಾಕತ್ತೆ ಅಗೊಗೊ, ಮುಚ್ಬಿಡ್ತೀನಿ." ಮುಚ್ಚಿದೆ. ನಮ್ಮದನ್ನು ಮುಚ್ಚಿ, ಆಚೆಯ ಮೂರು ದಂಡೆಗೂ ಹೋಗಿ ಮುಚ್ಚಿ ಬಂದೆ. ಆಗ ಒಳ್ಳೆಯ ಕೆಲಸವೇ ಅದು, ಬೇಡವೆನ್ನುವುದಿಲ್ಲ. ಆದರೆ ಬಾಗಿಲನ್ನು ಹೊರಗಿನಿಂದ ಹಾಕಿಕೊಂಡು ಹೋದವಳೇ ಈಗ, ಕೂಗಿದರೂ ಒಳಗಿಂದ ಯಾರೂ ಓಗೊಡಲಿಲ್ಲ ಅನ್ನುತ್ತಿದ್ದೀ.

ಪುಟದಲ್ಲಿ ಪ್ರಕಟಿಸಿದೆವು ಎನ್ನುತ್ತೀ. ಯಾರ ಪುಟ? ನಮ್ಮಲ್ಲಿ ಸಾವಿನ ಸುದ್ದಿಯಿದ್ದರೂ ನಡೆದು ಹೋಗಿ, ಅವರ ಅಂಗಳದಲ್ಲಿ ಕೂತು, ನೀರು ಕೇಳಿ ಕುಡಿದು, ಆಮೇಲೆ ಹೇಳುತ್ತೇವೆ. ನೀನೂ ಇಲ್ಲೇ ಬೆಳೆದವಳು. ಮಾತಾಡದವನು ಒಪ್ಪಿದ ಎನ್ನುವುದನ್ನು ಯಾವ ಮನೆಯಲ್ಲಿ ಕಲಿತೆ?

ಮಿಕ್ಕಿದ್ದೆಲ್ಲ ಬಿಡು. ನನಗೆ ಒಂದಕ್ಕೆ ಉತ್ತರ ಬೇಕು. ಬಳಸುವವರು ಯಾರೂ ಇಲ್ಲ ಎಂದು ಆ ಸಭೆಯಲ್ಲಿ ಹೇಳಿದಾಗ ನೀನು ಅಲ್ಲಿದ್ದೆಯಾ? ಇದ್ದರೆ ಬಾಯಿ ಬಿಟ್ಟೆಯಾ?

ಯಸಾಯ ಮ್ಫಾಂಡೆ


ಲಿಲೊಂಗ್ವೆ
9 ಮಾರ್ಚ್

ಅಗೊಗೊ,

ಇದ್ದೆ. ಬಿಡಲಿಲ್ಲ.

ಮುಖ್ಯಸ್ಥೆಯಾಗಿ ನನಗದು ಮೊದಲ ಸಭೆ. ಎರಡು ವರ್ಷದಿಂದ ಎಳೆದಾಡಿದ ವಿಷಯ ಅವತ್ತು ಮುಗಿಯುವುದರಲ್ಲಿತ್ತು. ನಾನು ಕೈಯೆತ್ತಿ, ನಮ್ಮೂರಿನ ನಾಲ್ಕು ದಂಡೆಗಳಿವೆ ಎಂದಿದ್ದರೆ, ತನ್ನೂರಿಗಾಗಿ ಎಲ್ಲರನ್ನೂ ಕಟ್ಟಿಹಾಕಿದಳು ಅನ್ನುತ್ತಿದ್ದರು. ಮೇ ಬರುವಷ್ಟರಲ್ಲಿ ನಿಮಗೆಲ್ಲ ಬೇರೆ ಕಂಪ್ಯೂಟರ್ ಒದಗಿಸಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದೇ ಇಲ್ಲ ಎಂದುಕೊಂಡೆ.

ಒಂದು ಕಳಿಸುತ್ತಿದ್ದೇನೆ. ಇಷ್ಟು ದಿನ ನಾನು ಬಳಸುತ್ತಿದ್ದದ್ದೇ, ಗಟ್ಟಿಯಾಗಿದೆ. ಹೊಸ ಮ್ಫೆಪೊವನ್ನು ಅದರಲ್ಲಿ ಕೂರಿಸಿದ್ದೇನೆ. ದೀಪದ ತಂತಿ ಸಿಕ್ಕಿಸಿದರೆ ಸಾಕು, ವನಾಂಗ್ವನಿಗೆ ಗೊತ್ತಾಗುತ್ತದೆ. ಉಳಿದ ಮೂರು ಇನ್ನೂ ಸಿಕ್ಕಿಲ್ಲ. ಸಿಗುತ್ತವೆ.

ಲುಸುಂಗು


ಕಲಂಬ್ವೆ
24 ಮಾರ್ಚ್

ಲುಸುಂಗು,

ಈ ಕಾಗದಕ್ಕಿಂತ ಮುಂಚಿನ ಬಸ್ಸಿಗೇ ನಿನ್ನ ಪೆಟ್ಟಿಗೆಯನ್ನು ವಾಪಸು ಕಳಿಸಿದ್ದೇನೆ. ಬಸ್ಸಿನವನ ಹತ್ತಿರ ಜಗಳವಾಡಬೇಡ, ಅವನು ಹುಷಾರಾಗಿಯೇ ತಂದಿದ್ದ.

ವನಾಂಗ್ವ ಅದನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಸವರುತ್ತ ಕೂತಿದ್ದ, ಹೊಸ ಮದುವಣಿಗನ ಹಾಗೆ.

"ಇಟ್ಕೊಳ್ಳೋಣ ಮಾವ. ಮೊದ್ಲು ನಮ್ದು ಸರಿಯಾಗ್ಲಿ. ಆಮೇಲೆ ಉಳಿದವ್ರದ್ದು ನೋಡೋಣ."

"ಅಷ್ಟರಲ್ಲಿ ಉಳಿದವ್ರು ಮುಳುಗ್ಲಿ ಅಂತೀಯಾ?"

"ಅವ್ರ ಜತೆ ನಾವೂ ಮುಳುಗಿದ್ರೆ ಅವ್ರಿಗೇನ್ ಸಿಗತ್ತೆ?"

"ಬಾಯ್ಮುಚ್ಚು. ನಾಳೆ ನನ್ ಜಾಗದಲ್ಲಿ ಕೂತಾಗ ನಿನ್ ಮಾತು ನಡೆಸು. ನಾನಿರೋ ತನಕ ನಂದು."

ಅವನೇ ಪೆಟ್ಟಿಗೆಗೆ ಹಗ್ಗ ಕಟ್ಟಿದ, ರಸ್ತೆಯ ತನಕ ಅವನೇ ಹೊತ್ತು ತಂದ. ಬಸ್ಸು ಹೋದ ಮೇಲೂ ನನ್ನ ಮುಖ ನೋಡಲಿಲ್ಲ.

ಆಚೆಯ ಮೂರು ದಂಡೆಯವರು ನನ್ನ ಮಾತು ಕೇಳಿ ದೀಪ ಹಾಕಿಸಿಕೊಂಡವರು. ಅವರಿಗೆ ನಾನೇನು ಹೇಳಲಿ, ನಮ್ಮ ಹುಡುಗಿ ನಮಗೆ ಮಾತ್ರ ಕಳಿಸಿದಳು ಎಂದೇ? ನಾಲ್ಕಕ್ಕೂ ಕೊಡು. ಇಲ್ಲದಿದ್ದರೆ ಹಳೆಯದನ್ನೇ ಎಲ್ಲರಿಗೂ ನೋಡಿಕೊಳ್ಳಿ. ಸಭೆಯಲ್ಲಿ ಮಾಡಿದ ತಪ್ಪನ್ನು ಸಭೆಯಲ್ಲೇ ಒಪ್ಪಿಕೋ. ಅಲ್ಲಿ ಬಾಯಿ ಹೊಲಿದುಕೊಂಡು ಕೂತು, ಇಲ್ಲಿಗೆ ಹಿತ್ತಲ ಬಾಗಿಲಿನಿಂದ ಭಿಕ್ಷೆ ಕಳಿಸಬೇಡ. ಅಲ್ಲಿ ತನಕ ಈ ಕಡೆ ಕಾಲಿಡಬೇಡ.

ಯಸಾಯ ಮ್ಫಾಂಡೆ


ಲಿಲೊಂಗ್ವೆ
2 ಏಪ್ರಿಲ್

ಮಾನ್ಯ ಅಧ್ಯಕ್ಷರಿಗೆ,

ಪೆಟ್ಟಿಗೆ ತಲುಪಿತು.

ಮಾರ್ಚ್ ಕೊನೆಗೆ ಹಳೆಯ ಆವೃತ್ತಿಯ ನಿರ್ವಹಣೆ ಮುಗಿದಿದೆ. ಅದು ಒಮ್ಮೆಲೇ ನಿಂತುಬಿಡುವುದಿಲ್ಲ, ನಡೆಯುವಷ್ಟು ದಿನ ನಡೆಯುತ್ತದೆ. ಮುಂದೆ ಅದರಲ್ಲಿ ಏನೇ ದೋಷ ಕಂಡರೂ ತಿದ್ದಲಾಗುವುದಿಲ್ಲ. ಈ ನಿಯಮ ಎಲ್ಲ ದಂಡೆಗಳಿಗೂ ಒಂದೇ.

ವಂದನೆಗಳೊಂದಿಗೆ,
ಲುಸುಂಗು


ಕಲಂಬ್ವೆ
11 ಜೂನ್

ಲುಸುಂಗು,

ನೀನು ಬಂದಿದ್ದೆ. ಹೆಂಗಸರ ನಡುವೆ ಚಾಪೆಯ ಮೇಲೆ ಕೂತು ನನ್ನ ತಂಗಿಯ ಬೆನ್ನು ಸವರುತ್ತಿದ್ದೆ. ನಾನು ನೋಡಿದೆ. ಮಾತಾಡಿಸಲಿಲ್ಲ. ವನಾಂಗ್ವ ಹೇಗೆ ಹೋದ ಎನ್ನುವುದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು, ಅದಕ್ಕೆ ಬರೆಯುತ್ತಿದ್ದೇನೆ.

ಮೇ ಕೊನೆಗೆ ದಿನಾ ದೀಪ ಹಸಿರೇ. ಎಲ್ಲರಿಗೂ ಖುಷಿ. "ಈ ಸಲ ಮ್ವೆರಾಗೆ ಬಸ್ ತಪ್ಪೋಗಿದೆ" ಎಂದು ಮಟೆಯೊ ಹೇಳಿಕೊಂಡು ತಿರುಗುತ್ತಿದ್ದ. ಗಾಳಿಯ ವಾಸನೆ ಬಡಿದಿತ್ತು, ಮೋಡ ನೋಡಿದಾಗಲೇ ಗೊತ್ತಾಗಿತ್ತು ಎಂದು ದಂಡೆಯ ಮುದುಕರೆಲ್ಲ ಈಗ ಹೇಳುತ್ತಿದ್ದಾರೆ. ಸುಳ್ಳು. ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ? ನನಗೂ ಏನೂ ಗೊತ್ತಾಗಲಿಲ್ಲ. ದೀಪ ಬಂದಮೇಲೆ ನಾನು ಆಕಾಶ ನೋಡಿಯೇ ಇಲ್ಲ, ಕಂಬ ನೋಡುತ್ತಿದ್ದೆ. ನೋಡಲು ಕಲಿಸಿದವಳು ನೀನು. ನೋಡದವನ ಬಲೆ ಕಿತ್ತುಕೊಂಡವನು ನಾನು.

ಆ ಬೆಳಿಗ್ಗೆ ವನಾಂಗ್ವನಿಗೆ ಹೋಗುವ ಮನಸ್ಸಿರಲಿಲ್ಲ. ಬಲೆಯ ಹಗ್ಗ ಕೊಯ್ದು ಅಂಗೈ ಹಣ್ಣಾಗಿತ್ತು.

"ನಾಳೆ ಹೋಗ್ತೀನಿ ಮಾವ."

"ದೀಪ ಹಸಿರಿದೆ. ನಿನ್ ಕೈ ಕೆಂಪಾದ್ರೆ ನಾನೇನ್ ಮಾಡ್ಲಿ? ಹೊರಡು."

ಹೊರಟ. ಬಿಸಿಲೇರುವ ಹೊತ್ತಿಗೆ ತೆಂಕಣದಿಂದ ಮ್ವೆರಾ ನುಗ್ಗಿತು. ನಾನು ದಂಡೆಯಲ್ಲಿ ನಿಂತಿದ್ದೆ. ಎರಡು ದೋಣಿ ಕಾಣುತ್ತಿದ್ದವು. ಆಮೇಲೆ ಒಂದೇ ಕಂಡಿತು. ಅವನ ದೋಣಿಯಲ್ಲಿದ್ದ ನಾಲ್ವರಲ್ಲಿ ಇಬ್ಬರನ್ನು ಆ ಇನ್ನೊಂದು ದೋಣಿಯವರು ಎಳೆದುಕೊಂಡರು. ವನಾಂಗ್ವನೂ ಮಟೆಯೊನ ದೊಡ್ಡ ಮಗನೂ ಸಿಗಲಿಲ್ಲ. ಗಾಳಿ ಇಳಿದ ಮೇಲೆ ಬಂಡೆಗಳ ಸಂದಿಯಲ್ಲಿ ಸಿಕ್ಕರು. ಹೆಂಗಸರು ಎದೆ ಬಡಿದುಕೊಂಡು ನೀರಿಗೆ ಓಡುತ್ತಿದ್ದಾಗಲೂ ನನ್ನ ತಲೆಯ ಮೇಲೆ ದೀಪ ಹಸಿರಾಗಿಯೇ ಇತ್ತು.

ಶಾಲೆಯ ಮೇಷ್ಟ್ರನ್ನು ಕರೆಸಿ ಪರದೆ ತೋರಿಸಿದೆ. ಗಾಳಿಯ ಸುದ್ದಿ ಎರಡು ವಾರದಿಂದ ಬಂದೇ ಇಲ್ಲವಂತೆ. ಕೊನೆಯ ಸಲ ಬಂದದ್ದು ಶಾಂತ ಎಂದು. ಅದನ್ನೇ ಕಚ್ಚಿಕೊಂಡು ಕೂತಿದೆ.

ದೀಪ ಕಿತ್ತು ಬಿಸಾಡಿದೆ. ದೋಣಿ ಹತ್ತಿ ಆಚೆಯ ದಂಡೆಗಳಿಗೂ ಹೋದೆ. ಎರಡು ಕಡೆ ಆರಿಸಿದರು. ಒಂದು ಕಡೆಯವರು ಒಪ್ಪಲಿಲ್ಲ. "ನಿಮ್ದು ಕೆಟ್ಟಿರ್ಬೌದು ಮುದುಕಪ್ಪ, ನಮ್ದು ಚೆನ್ನಾಗೇ ಉರೀತಿದೆ" ಅಂದರು. ಅಲ್ಲಿ ಇವತ್ತೂ ಹಸಿರೇ ಉರಿಯುತ್ತಿದೆ.

ಸುದ್ದಿ ಬರದಿದ್ದರೆ ಕತ್ತಲಾಗಬಹುದಿತ್ತಲ್ಲ ಅದು? ಕತ್ತಲಾಗಿದ್ದರೆ ನಾನು ಅವನನ್ನು ಕಳಿಸುತ್ತಿರಲಿಲ್ಲ. ಯಾಕೆ ಹಸಿರು? ಬರೆ.

ಯಸಾಯ ಮ್ಫಾಂಡೆ


ಲಿಲೊಂಗ್ವೆ
27 ಜೂನ್

ಅಗೊಗೊ,

ಕತ್ತಲಾಗದ ಹಾಗೆ ಮಾಡಿದ್ದು ನಾನೇ. ದೀಪ ಹಾಕಿದ ದಿನಗಳಲ್ಲಿ ನಿಮ್ಮಲ್ಲಿ ನೆಟ್‌ವರ್ಕ್ ಬಂದು ಬಂದು ಹೋಗುತ್ತಿತ್ತು. ಹೋದಾಗಲೆಲ್ಲ ದೀಪ ಆರಿದರೆ ಯಾರೂ ಅದನ್ನು ನಂಬುವುದಿಲ್ಲ ಎಂದು ನೀವೇ ಅಂದಿದ್ದಿರಿ. ಸುದ್ದಿ ಬರದಿದ್ದರೆ ಹಿಂದಿನ ಬಣ್ಣವನ್ನೇ ಹಿಡಿದುಕೊಂಡಿರು ಎಂದು ಬರೆದೆ. ಎಷ್ಟು ಹೊತ್ತು ಎಂದು ಬರೆಯಲಿಲ್ಲ.

ಮೇ ತಿಂಗಳಲ್ಲಿ ಗಾಳಿಯ ಸುದ್ದಿ ಕಳಿಸುವವರು ತಮ್ಮ ಬೀಗ ಬದಲಿಸಿದರು. ಹೊಸ ಮ್ಫೆಪೊ ಹತ್ತಿರ ಹೊಸ ಕೀಲಿಕೈ ಇತ್ತು, ಹಳೆಯದಕ್ಕೆ ನಾವು ಕೊಟ್ಟಿರಲಿಲ್ಲ.

ಇನ್ನೊಂದು ಇದೆ. ಬರೆಯದೆ ಇರಬಹುದಿತ್ತು. ದೀಪದ ಈ ದೋಷ ಏಪ್ರಿಲ್ ಮೊದಲಲ್ಲೇ ನಸ್ಸಾಲಿಯ ಕಣ್ಣಿಗೆ ಬಿದ್ದಿತ್ತು. ತಿದ್ದಿದಳು, ಎರಡೇ ಸಾಲು. ಸುದ್ದಿ ಹಳತಾದರೆ ದೀಪ ಆರಿಸು, ಅಷ್ಟೆ. "ಹಳೇದಕ್ಕೂ ಹಾಕ್ಬಿಡ್ಲಾ ಲುಸುಂಗು? ಎಷ್ಟೊತ್ತಿನ ಕೆಲಸ?" ಎಂದು ಕೇಳಿದಳು. ಹಾಕಿದ್ದರೆ ನಿಮ್ಮ ಕಂಪ್ಯೂಟರ್ ಅದನ್ನು ತಾನೇ ಎಳೆದುಕೊಳ್ಳುತ್ತಿತ್ತು. ಬೇಡ ಎಂದೆ. ಒಂದಕ್ಕೆ ಹಾಕಿದರೆ ಎಲ್ಲದಕ್ಕೂ ಹಾಕಬೇಕಾಗುತ್ತದೆ, ನಿಯಮ ನಿಯಮವೇ ಎಂದೆ.

ಪೆಟ್ಟಿಗೆ ವಾಪಸು ಬಂದ ವಾರ ಅದು.

ಲುಸುಂಗು


ಲಿಲೊಂಗ್ವೆ
19 ಆಗಸ್ಟ್

ಅಗೊಗೊ,

ನೀವು ಉತ್ತರ ಬರೆಯಲಿಲ್ಲ. ಬರೆಯುತ್ತೀರಿ ಎಂದು ನಾನೂ ಅಂದುಕೊಂಡಿರಲಿಲ್ಲ.

ಕಳೆದ ವಾರ ಸಭೆಯಿತ್ತು. ಈ ಸಲ ಎಲ್ಲವನ್ನೂ ಹೇಳಿದೆ. ವರದಿ ಮುಚ್ಚಿದ್ದು, ಸುಮ್ಮನೆ ಕೂತದ್ದು, ನಸ್ಸಾಲಿಗೆ ಬೇಡ ಎಂದದ್ದು, ನಿಮ್ಮ ದಂಡೆಯಲ್ಲಿ ಆದದ್ದು. ಯಾರೂ ನನ್ನನ್ನು ಬೈಯಲಿಲ್ಲ. ಒಬ್ಬರಂತೂ ಅತ್ತುಬಿಟ್ಟರು. ಹಳೆಯ ಆವೃತ್ತಿಗೆ ಆ ಎರಡು ಸಾಲು ಹಾಕೋಣ ಎಂದು ಕೇಳಿದೆ. ನಾನೂ ನಸ್ಸಾಲಿಯೂ ಕೈಯೆತ್ತಿದೆವು. ಉಳಿದ ನಾಲ್ವರು, ಮುಗಿದದ್ದನ್ನು ಮತ್ತೆ ತೆರೆದರೆ ಇದಕ್ಕೆ ಕೊನೆಯಿಲ್ಲ ಎಂದರು. ಅವರಿಗೂ ಮಕ್ಕಳಿದ್ದಾರೆ, ಕೆಲಸಗಳಿವೆ. ತಪ್ಪು ಎನ್ನಲಾರೆ.

ಒಂದು ವಿಷಯಕ್ಕೆ ಆರೂ ಕೈ ಎದ್ದವು. ಪ್ರತಿ ಹೊಸ ಆವೃತ್ತಿಗೂ ನಾವು ಒಂದು ಹೆಸರು ಇಡುತ್ತೇವೆ. ಇಷ್ಟು ದಿನ ಸರೋವರಗಳ ಹೆಸರು, ಹಕ್ಕಿಗಳ ಹೆಸರು ಇಟ್ಟಿದ್ದೆವು. ಮುಂದಿನ ತಿಂಗಳು ಬರುವುದಕ್ಕೆ ವನಾಂಗ್ವ ಎಂದು ಇಡುತ್ತೇವೆ. ಅದನ್ನು ಬಳಸುವ ಎಲ್ಲ ದಂಡೆಗಳಲ್ಲೂ, ಮ್ವಾನ್ಜಾದಿಂದ ವೋಲ್ಟಾ ನದಿಯ ತನಕ, ಬೆಳಿಗ್ಗೆ ಪರದೆ ಹೊತ್ತಿದ ಕೂಡಲೇ ಮೊದಲು ಅವನ ಹೆಸರು ಮೂಡುತ್ತದೆ. ಅವನ ಅಮ್ಮನಿಗೆ ನೀವು ಹೇಳಿದರೆ ಚೆನ್ನ ಎನಿಸಿತು.

ಲುಸುಂಗು


ಕಲಂಬ್ವೆ
26 ಆಗಸ್ಟ್

ಲುಸುಂಗು,

ಅವನ ಅಮ್ಮನಿಗೆ ನಾನು ಏನನ್ನೂ ಹೇಳಲಾರೆ. ಮಣ್ಣು ಮಾಡಿ ಬಂದ ದಿನದಿಂದ ಅವಳು ನನ್ನ ಹತ್ತಿರ ಮಾತಾಡಿಲ್ಲ. ಪಕ್ಕದ ಮನೆಯವಳ ಕೈಯಲ್ಲಿ ಊಟ ಕಳಿಸುತ್ತಾಳೆ. ತಟ್ಟೆ ಖಾಲಿಯಾಯಿತೋ ಇಲ್ಲವೋ ಎಂದು ಕೇಳುವುದಿಲ್ಲ. ಆ ಪೆಟ್ಟಿಗೆಯನ್ನು ಇಟ್ಟುಕೊಂಡಿದ್ದರೆ ಎಂದು ಅವಳೂ ಅಂದಿಲ್ಲ, ನೀನೂ ಬರೆದಿಲ್ಲ. ಅಂದಿದ್ದರೆ ನನಗೆ ಬೈಯಲಿಕ್ಕಾದರೂ ಆಗುತ್ತಿತ್ತು.

ಎರಡು ಸಾಲು ಹಾಕಲು ಎರಡು ಕೈ, ಹೆಸರಿಡಲು ಆರು ಕೈ. ಒಳ್ಳೆಯ ಜನ ನಿಮ್ಮವರು. ಅತ್ತವರಿಗೆ ನನ್ನ ನಮಸ್ಕಾರ ಹೇಳು. ಅವರ ಕೈ ಯಾವ ಕಡೆ ಎದ್ದಿತ್ತು ಎಂದೂ ಕೇಳು.

ಆಚೆಯ ದಂಡೆಯವರು ದೀಪವನ್ನು ಇನ್ನೂ ಆರಿಸಿಲ್ಲ. ನಿನ್ನೆ ಮತ್ತೆ ಹೋಗಿದ್ದೆ. ನನ್ನನ್ನು ದೂರದಿಂದ ಕಂಡಾಗಲೇ ಒಬ್ಬ ಕೂಗಿದ: "ಬಂದ ನೋಡ್ರೋ, ದೀಪ ಕೀಳೋ ಮುದುಕ!" ಅಲ್ಲಿಯ ಹುಡುಗರು ನಕ್ಕರು, ನೀರಿಗಿಳಿದರು. ಮ್ವೆರಾ ಮುಗಿಯಲು ಇನ್ನೂ ದಿನಗಳಿವೆ. ನಿನಗೆ ನಿಜವಾಗಿ ಏನಾದರೂ ಮಾಡಬೇಕೆನ್ನಿಸಿದರೆ, ನಿನ್ನ ಸಭೆಯನ್ನು ಕೇಳದೆ ಆ ಎರಡು ಸಾಲು ಹಾಕು. ಹೊರಗೆ ಹಾಕುತ್ತಾರೆಯೇ? ಹಾಕಲಿ.

ಹೆಸರು ಬೇಡ. ಅವನು ನನ್ನ ಹೆಸರಿಗೆ ಬರಬೇಕಾಗಿದ್ದವನು. ನಮ್ಮಲ್ಲಿ ಮುದುಕ ಸತ್ತರೆ ತಂಗಿಯ ಮಗ ಅವನ ಜಾಗದಲ್ಲಿ ಕೂತು ಅವನ ಹೆಸರು ಹೊರುತ್ತಾನೆ, ಆ ಹೆಸರು ಸಾಯುವುದಿಲ್ಲ. ನಿಮ್ಮಲ್ಲಿ ಹಾಗಲ್ಲ. ಇನ್ನೆರಡು ವರ್ಷಕ್ಕೋ ಮೂರಕ್ಕೋ ನಿಮ್ಮ ಈ ಹೊಸದೂ ಹಳತಾಗುತ್ತದೆ. ಆಗ ಮತ್ತೆ ಸಭೆ ಸೇರುತ್ತೀರಿ. ನೀನಿರುತ್ತೀಯೋ, ನಿನ್ನ ಜಾಗದಲ್ಲಿ ಇನ್ನಾರೋ. ವನಾಂಗ್ವನಿಂದ ಇನ್ನು ಕೆಲಸವಿಲ್ಲ, ವನಾಂಗ್ವನನ್ನು ಬಿಟ್ಟುಬಿಡೋಣವೇ ಎಂದು ಒಬ್ಬರು ಕೇಳುತ್ತಾರೆ. ಯಾರೂ ಆಕ್ಷೇಪ ಮಾಡುವುದಿಲ್ಲ.

ಅವನನ್ನು ಒಂದು ಸಲ ಬಿಟ್ಟಿದ್ದೇವೆ, ನೀನೂ ನಾನೂ. ಇನ್ನೊಂದು ಸಲ ಬಿಡುವುದಕ್ಕೆ ನಿಮ್ಮ ಕೈಗೆ ಅವನ ಹೆಸರನ್ನು ಕೊಡುವುದಿಲ್ಲ.

ಯಸಾಯ ಮ್ಫಾಂಡೆ
ವನಾಂಗ್ವನ ಸೋದರಮಾವ